ಎರಡು ಗಂಟೆಗೊಮ್ಮೆ ಹತ್ತು ಮಣಿ

ಮಾಂಯ್ ಹಾಸಿಗೆ ಹಿಡಿದು ಈ ಮಳೆಗಾಲಕ್ಕೆ ಮೂರು ವರ್ಷ. ಕೊಂಕಣಿ ಮಾತಾಡುವ ನಮ್ಮ ಕ್ರೈಸ್ತರ ಮನೆಗಳಲ್ಲಿ ಅತ್ತೆಯನ್ನು ಮಾಂಯ್ ಅಂತ ಕರೆಯುತ್ತೇವೆ. ಶಿವಮೊಗ್ಗ ಧರ್ಮಕ್ಷೇತ್ರ, ಅಂದರೆ ಬಿಷಪ್ಪರ ಆಡಳಿತದ ಪ್ರದೇಶ, ಚಿಕ್ಕಮಗಳೂರಿನದರಿಂದ ಬೇರೆಯಾದದ್ದು 1988ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಅವರು ಮದುವೆಯಾಗಿ, ಘಟ್ಟ ಹತ್ತಿ, ಸಾಗರದ ಕಡೆಯ ಈ ತೋಟದ ಮನೆಗೆ ಬಂದವರು. ಲಕ್ವ ಹೊಡೆದಾಗ ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ನಿಂತಿತು. ಆಸ್ಪತ್ರೆಯಿಂದ ಕರೆದುಕೊಂಡು ಬರುವಾಗ ನರ್ಸ್ ಒಂದು ಮಾತು ಒತ್ತಿ ಹೇಳಿದ್ದರು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತದೆ. ರಾತ್ರಿಯೂ ಬಿಡಬೇಡಿ.

ಹೇಳಲು ಸಂಕೋಚವಾಗುತ್ತದೆ, ಆದರೆ ಮೊದಲ ವರ್ಷ ನನ್ನನ್ನು ಜಾಸ್ತಿ ದಣಿಸಿದ್ದು ಪ್ರಾರ್ಥನೆಯೇ. ನಾನು ಬೆಳೆದ ಮನೆಯಲ್ಲಿ ಸಂಜೆಯಾದರೆ ಎಲ್ಲರೂ ದೇವರ ಪಟದ ಮುಂದೆ ಮೊಣಕಾಲೂರಬೇಕಿತ್ತು. ಯೇಸು, ಮರಿಯಮ್ಮನವರ ಬದುಕಿನ ಐದು ಘಟನೆ ನೆನೆಯುವ ಐದು ರಹಸ್ಯ, ಒಂದೊಂದಕ್ಕೂ ಹತ್ತು ಮಣಿ, ಇಡೀ ಜಪಸರ. ಅದನ್ನು ಬಿಡುವ ಧೈರ್ಯ ನನಗಿರಲಿಲ್ಲ. ಪಾತ್ರೆ ತೊಳೆದು, ಮಾಂಯ್‌ಗೆ ಮಾತ್ರೆ ಕೊಟ್ಟು, ರಾತ್ರಿ ಹತ್ತಕ್ಕೆ ಕೂರುತ್ತಿದ್ದೆ. ಎರಡನೇ ರಹಸ್ಯಕ್ಕೇ ತೂಕಡಿಕೆ. ಎಚ್ಚರವಾದಾಗ ಎಲ್ಲಿದ್ದೆ ಅಂತ ಗೊತ್ತಾಗದೆ ಮತ್ತೆ ಮೊದಲಿನಿಂದ ಶುರು. ಚರ್ಚಿನ ಭಾನುವಾರದ ಪೂಜೆಗೂ ಎಷ್ಟೋ ವಾರ ಹೋಗಲಾಗಲಿಲ್ಲ. ಯಜಮಾನರು ತೋಟದಲ್ಲಿ, ಮಗಳು ಹಾಸ್ಟೆಲ್‌ನಲ್ಲಿ. ಮಾಂಯ್ ಅವರನ್ನು ಯಾರ ಕೈಗೆ ಬಿಡಲಿ? ಅಂಗಡಿಯ ಸಾಲದ ಹಾಗೆ ದೇವರ ಬಾಕಿಯೂ ಬೆಳೆಯುತ್ತಿದೆ ಅನ್ನಿಸುತ್ತಿತ್ತು.

ಒಂದು ತಿಂಗಳ ಮೊದಲ ಶುಕ್ರವಾರ ಫಾದರ್ ಮಾಂಯ್‌ಗೆ ಪರಮಪ್ರಸಾದ, ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ತಂದರು. ನನಗೂ ಕೊಡಲು ಬಂದಾಗ ಹಿಂದೆ ಸರಿದೆ. ಅದನ್ನು ಸ್ವೀಕರಿಸುವ ಮೊದಲು ಒಂದು ಗಂಟೆ ಏನೂ ತಿನ್ನಬಾರದಲ್ಲ. "ಬೇಡ ಫಾದರ್, ಈಗಷ್ಟೇ ಗಂಜಿ ಕುಡಿದೆ, ಒಂದು ಗಂಟೆ ಆಗಿಲ್ಲ" ಅಂದೆ. ಅವರು ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತರು. "ಆ ಒಂದು ಗಂಟೆಯ ನಿಯಮ ವಯಸ್ಸಾದವರಿಗೂ ಕಾಯಿಲೆಯವರಿಗೂ ಇಲ್ಲಮ್ಮಾ. ಅವರನ್ನು ನೋಡಿಕೊಳ್ಳುವವರಿಗೂ ಇಲ್ಲ. ಧರ್ಮಸಭೆಯ ಕಾನೂನಿನಲ್ಲೇ ಬರೆದಿದೆ" ಅಂದರು. ಪೂಜೆ ತಪ್ಪುವುದನ್ನೂ ಕೇಳಿದೆ. ರೋಗಿಯನ್ನು ಬಿಟ್ಟು ಬರಲಾಗದವರ ಮೇಲೆ ಆ ಹೊರೆ ಇಲ್ಲ ಅಂದರು. 1983ರಲ್ಲಿ ಬಂದ ಕಾನೂನಂತೆ. ಅಷ್ಟು ವರ್ಷದ ಹಿಂದೆ, ಎಲ್ಲೋ ರೋಮಿನಲ್ಲಿ ಕೂತು ಯಾರೋ ನಿಯಮ ಬರೆಯುವಾಗ ಹಾಸಿಗೆಯ ಪಕ್ಕ ನಿಂತವಳನ್ನೂ ನೆನೆದಿದ್ದರು. ನಾನು ಪರಮಪ್ರಸಾದ ಸ್ವೀಕರಿಸಿ, ಅಡಿಗೆಮನೆಗೆ ಹೋಗಿ ತುಂಬಾ ಹೊತ್ತು ಅತ್ತೆ.

ಆಮೇಲೆ ಜಪಸರವನ್ನು ಒಡೆದೆ. ಮಗ್ಗುಲು ಬದಲಿಸಿದಾಗೆಲ್ಲ ಹತ್ತು ಮಣಿ, ಅಷ್ಟೇ. ಹೇಗೂ ತಿರುಗಿಸಿದ ಮೇಲೆ ಬೆನ್ನಿಗೆ ದಿಂಬು ಕೊಟ್ಟು, ಮಂಡಿಗಳ ನಡುವೆ ಬಟ್ಟೆ ಇಟ್ಟು, ಚರ್ಮ ಕೆಂಪಾಗಿದೆಯಾ ಅಂತ ನೋಡಲು ಸ್ವಲ್ಪ ಹೊತ್ತು ಬೇಕು. ಹತ್ತು ಮಣಿಗೆ ನಾಲ್ಕೈದು ನಿಮಿಷ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಜಪ ಮಾಡುತ್ತದೆ. ಬೆಳಗಿನಿಂದ ರಾತ್ರಿಯೊಳಗೆ ಐದು ರಹಸ್ಯ ತಾನಾಗಿಯೇ ಮುಗಿಯುತ್ತದೆ. ತಪ್ಪಿದರೆ ಮೊದಲಿನಿಂದ ಶುರು ಮಾಡುವುದನ್ನು ನಿಲ್ಲಿಸಿದೆ.

ಸುಮ್ನೆ ಕೂರಲು ಒಂದು ಜಾಗ ಬೇಕಿತ್ತು. ಅದು ಬಚ್ಚಲ ಒಲೆಯ ಮುಂದೆ ಸಿಕ್ಕಿತು. ಬೆಳಗಿನ ಜಾವ ಐದಕ್ಕೆ ಹಂಡೆಗೆ ನೀರು ತುಂಬಿಸಿ, ಅಡಿಕೆ ಸಿಪ್ಪೆ ಹಾಕಿ ಬೆಂಕಿ ಹೊತ್ತಿಸಿದರೆ ನೀರು ಕಾಯುವವರೆಗೆ ನನ್ನನ್ನು ಯಾರೂ ಕರೆಯುವುದಿಲ್ಲ. ಹೊರಗೆ ಮಳೆ. ಮಣೆ ಹಾಕಿ, ಕಂಬಳಿ ಹೊದ್ದು ಕೂರುತ್ತೇನೆ. ಬೈಬಲಿನ 131ನೇ ಕೀರ್ತನೆ ಬಾಯಿಪಾಠ ಮಾಡಿಕೊಂಡಿದ್ದೇನೆ. ಬರೀ ಮೂರು ವಚನ. ಮೊಲೆ ಬಿಟ್ಟ ಕೂಸು ತಾಯಿಯ ಹತ್ತಿರ ಇರುವ ಹಾಗೆ ನನ್ನ ಮನಸ್ಸು ಸಮಾಧಾನವಾಗಿದೆ ಅಂತ ಅದರಲ್ಲಿ ಬರುತ್ತದೆ. ಮಗಳು ಚಿಕ್ಕವಳಿದ್ದಾಗ ನೋಡಿದ್ದೇನಲ್ಲ. ಹಾಲು ಕುಡಿಯುವ ಕೂಸು ತಾಯಿ ಎತ್ತಿಕೊಂಡ ಕೂಡಲೇ ಹುಡುಕಾಡುತ್ತದೆ. ಮೊಲೆ ಬಿಟ್ಟದ್ದು ಏನೂ ಕೇಳದೆ ಮಡಿಲಲ್ಲಿ ಕೂರುತ್ತದೆ. ಹಾಗಾಗಿ ಒಲೆಯ ಮುಂದೆ ನಾನು ಏನನ್ನೂ ಕೇಳುವುದಿಲ್ಲ. ಮಾಂಯ್ ಕಾಯಿಲೆ, ಮಗಳ ಪರೀಕ್ಷೆ, ಅಡಿಕೆಗೆ ಬಂದ ಕೊಳೆರೋಗ, ಎಲ್ಲವೂ ಮಣಿಗಳ ಪಾಲಿಗೆ. ಇಲ್ಲಿ ಬೆಂಕಿ ನೋಡುತ್ತಾ ದೇವರ ಹತ್ತಿರ ಕೂತಿರುತ್ತೇನೆ. ಕೆಲವು ದಿನ ನಿದ್ದೆ ಬರುತ್ತದೆ. ಬರಲಿ. ಬೈಬಲಿನಲ್ಲಿ ಎಲೀಯ ಪ್ರವಾದಿ ಸಾಕಪ್ಪಾ ಜೀವ ಅಂತ ಗಿಡದ ಕೆಳಗೆ ಮಲಗಿದಾಗ ದೂತ ಬಂದು ಬೈಯಲಿಲ್ಲ. ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಆಗಲೂ ಎಬ್ಬಿಸಿದ್ದು ಇನ್ನೊಮ್ಮೆ ತಿನ್ನಿಸಲು.

ಎಲ್ಲ ರಾತ್ರಿಯೂ ಹೀಗೇ ಇರುತ್ತದೆ ಅಂದರೆ ಸುಳ್ಳಾಗುತ್ತದೆ. ಕಳೆದ ಆಷಾಢದಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಬಟ್ಟೆ ಒಣಗುತ್ತಿರಲಿಲ್ಲ. ರಾತ್ರಿ ಎರಡು ಗಂಟೆಗೆ ಹಾಸಿಗೆ ಮತ್ತೆ ಒದ್ದೆಯಾಗಿತ್ತು. ನಾನು ಸಿಟ್ಟಿನಲ್ಲಿ ಮಾಂಯ್ ಅವರನ್ನು ಒರಟಾಗಿ ಎಳೆದು ತಿರುಗಿಸಿದೆ. ಅವರ ಕಣ್ಣು ಮೋಂಬತ್ತಿ ಬೆಳಕಲ್ಲಿ ಕಂಡಿತು. ತಪ್ಪಾಯ್ತು ಅನ್ನಲೂ ಬಾಯಿ ಬರದೆ ನೆಲದ ಮೇಲೆ ಕೂತುಬಿಟ್ಟೆ. ಆಗ ಮೇಲೆ ಹಾಸಿಗೆಯಿಂದ, ಮಣಿಗೊಂದರಂತೆ ನಾವು ಹೇಳುವ ಮರಿಯಮ್ಮನ ಪ್ರಾರ್ಥನೆಯ ಮೊದಲ ಮಾತು ಕೇಳಿಸಿತು: "ನಮಾನ್ ಮರಿಯೆ..."

ನೀರು ಬೇಕು ಅಂತ ಹೇಳಲಾಗದ ಬಾಯಿ. ನನ್ನ ಹೆಸರು ಬಾರದ ಬಾಯಿ. ಲಕ್ವದಲ್ಲಿ ಮಾತು ಹೋದವರಿಗೂ ಬಾಯಿಪಾಠವಾದ ಪ್ರಾರ್ಥನೆ, ಹಾಡು ಉಳಿದಿರುವುದುಂಟು ಅಂತ ಡಾಕ್ಟರ್ ಆಮೇಲೆ ವಿವರಿಸಿದರು. ಇರಬಹುದು. ಆ ರಾತ್ರಿ ಅವರು ನಮ್ಮ ಜಪಸರ ನಡೆಸಿದರು. ಅರ್ಧ ಅವರು ಹೇಳಿದರೆ "ಸಾಂತೆ ಮರಿಯೆ" ಅಂತ ಉಳಿದರ್ಧ ನಾನು ಹೇಳಬೇಕು.

ಅಂದಿನಿಂದ ರಾತ್ರಿಯ ಹತ್ತು ಮಣಿ ಅವರದೇ. ಎಡಗೈಗೆ ಜಪಸರ ಸುತ್ತಿಕೊಡುತ್ತೇನೆ. ಪಕ್ಕದ ಚಾಪೆಯಲ್ಲಿ ಒರಗಿ ಉತ್ತರ ಕೊಡುತ್ತೇನೆ. ಎಷ್ಟೋ ರಾತ್ರಿ ನಾಲ್ಕನೇ ಮಣಿಗೆ ನನಗೆ ನಿದ್ದೆ ಹತ್ತುತ್ತದೆ. ಮಾಂಯ್ ನಿಲ್ಲಿಸುವುದಿಲ್ಲ. ಅಲಾರಾಂ ಹೊಡೆದು ಎದ್ದು ನೋಡಿದರೆ ಅವರ ಹೆಬ್ಬೆರಳು ಹತ್ತನೇ ಮಣಿಯ ಮೇಲಿರುತ್ತದೆ.