ಮೊದಲು ಕೂರುವುದು, ಆಮೇಲೆ ಲಗಾಮು

ಕೈ ಹಗುರಾಗಲಿ ಎಂದು ಲಗಾಮಿನ ಜೊತೆ ಗುದ್ದಾಡಿ ಪ್ರಯೋಜನವಿಲ್ಲ. ಮೈ ಓಲಾಡಿದಾಗಲೆಲ್ಲ ಸವಾರ ಆಧಾರಕ್ಕೆ ಹಿಡಿಯುವುದು ಕುದುರೆಯ ಬಾಯನ್ನೇ. ಹಾಗಾಗಿ ನಾನು ಮೊದಲು ಸರಿಪಡಿಸಿಕೊಂಡದ್ದು ಸ್ಟಿರಪ್‌ನ (ಪಾದ ಇಡಲು ಜೀನಿನಿಂದ ಪಟ್ಟಿಯಲ್ಲಿ ತೂಗುವ ಬಳೆ) ಉದ್ದ. ಕಾಲು ಇಳಿಬಿಟ್ಟಾಗ ಅದರ ತಳ ಪಾದದ ಕೀಲಿನ ಉಬ್ಬು ಮೂಳೆಗೆ ತಾಗಬೇಕು. ಜಿಗಿತಕ್ಕಾದರೆ ಪಟ್ಟಿಯಲ್ಲಿ ಒಂದೆರಡು ತೂತು ಗಿಡ್ಡ. ತೀರಾ ಉದ್ದವಾದರೆ ಪಾದ ಅದನ್ನು ಹುಡುಕುತ್ತ ಹಿಮ್ಮಡಿ ಮೇಲೇಳುತ್ತದೆ. ಗಿಡ್ಡವಾದರೆ ಕುರ್ಚಿಯಲ್ಲಿ ಕೂತಂತೆ ಸೊಂಟ ಹಿಂದೆ ಸರಿಯುತ್ತದೆ.

ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ನೇರಕ್ಕಿವೆಯೇ ಎಂದು ತಿಳಿಯಲು ಕನ್ನಡಿ ಬೇಡ. ಕುದುರೆ ನಡೆಯುತ್ತಿರುವಾಗಲೇ ಸ್ಟಿರಪ್ ಮೇಲೆ ಎದ್ದು ಹತ್ತು ಹೆಜ್ಜೆ ನಿಲ್ಲುತ್ತೇನೆ. ಹಿಂದಕ್ಕೆ ಕುಸಿದರೆ ಪಾದ ಮುಂದೆ ಹೋಗಿದೆ, ಮುಂದಕ್ಕೆ ಮುಗ್ಗರಿಸಿದರೆ ಹಿಂದೆ ಜಾರಿದೆ. ‘ಹಿಮ್ಮಡಿ ಕೆಳಗೆ’ ಎಂಬ ಮಾತು ಅರ್ಧ ಜನರನ್ನು ಕೆಡಿಸಿದೆ: ಒತ್ತಿ ಇಳಿಸಿದರೆ ಕೀಲು ಬಿಗಿದು ಕಾಲು ಮುಂದಕ್ಕೆ ಚಾಚುತ್ತದೆ. ಒತ್ತಬಾರದು, ಭಾರ ತಾನಾಗಿ ಇಳಿಯಲು ಬಿಡಬೇಕು. ಸ್ಟಿರಪ್ ಬಿಟ್ಟು ಕೂರುವ ಅಭ್ಯಾಸ ಐದೈದು ನಿಮಿಷ ಸಾಕು. ದಣಿದ ತೊಡೆ ಹಿಡಿತಕ್ಕೆ ಇಳಿದರೆ ಕಲಿತದ್ದೂ ಹಾಳು.

ಕಾಲಿನ ಸೂಚನೆಗೆ ಜೋರಿಗಿಂತ ಹೊತ್ತು ಮುಖ್ಯ. ನಡಿಗೆಯಲ್ಲಿ ಕುದುರೆಯ ಎಡ ಹಿಂಗಾಲು ನೆಲ ಬಿಟ್ಟು ಮುಂದೆ ಬರುವಾಗ ಹೊಟ್ಟೆ ಬಲಕ್ಕೆ ತೂಗುತ್ತದೆ, ನಮ್ಮ ಎಡ ಸೊಂಟ ಇಳಿಯುತ್ತದೆ, ಎಡಗಾಲು ತಾನೇ ಒಳಕ್ಕೆ ಬೀಳುತ್ತದೆ. ಆ ಗಳಿಗೆಯಲ್ಲಿ ಮೀನಖಂಡ ಸೋಕಿಸಿದರೆ ಸಾಕು. ಕುದುರೆಯ ಅದೇ ಹಿಂಗಾಲು ನೆಲದಲ್ಲಿ ಊರಿದ್ದಾಗ ಎಷ್ಟು ಒದ್ದರೂ ಅದು ಎತ್ತಲಾರದು. ಎರಡು ಹೆಜ್ಜೆಯೊಳಗೆ ಉತ್ತರ ಬರದಿದ್ದರೆ ನಮ್ಮ ಕಾಲಿನ ಹಿಂದೆಯೇ ಕೋಲಿನಿಂದ ಒಂದು ಸ್ಪಷ್ಟ ತಟ್ಟು, ಮತ್ತೆ ಅದೇ ಹಗುರ ಸೋಕು. ಹೆಜ್ಜೆಹೆಜ್ಜೆಗೂ ತಿವಿಯುತ್ತಿದ್ದರೆ ಕುದುರೆ ಅದನ್ನು ಗಡಿಯಾರದ ಟಿಕ್‌ಟಿಕ್ ಎಂದುಕೊಂಡು ಮರೆತುಬಿಡುತ್ತದೆ.

ಬೆಂಗಳೂರಿನ ಸವಾರಿ ಶಾಲೆಗಳಲ್ಲಿ ರೇಸ್ ಬಿಟ್ಟ ಥರೋಬ್ರೆಡ್‌ಗಳು (ಓಟಕ್ಕೆಂದೇ ಬೆಳೆಸಿದ ತಳಿ) ಸಾಕಷ್ಟಿವೆ. ಟ್ರ್ಯಾಕಿನಲ್ಲಿ ಲಗಾಮಿನ ಬಿಗಿಗೇ ಆತು ಓಡಿದ ಅಭ್ಯಾಸ ಅವಕ್ಕೆ. ನಿಲ್ಲಿಸಲೆಂದು ಎಳೆದಷ್ಟೂ ಬಿರುಸಾಗುತ್ತವೆ. ಅಂಥದರ ಮೇಲೆ ಕೂತಾಗ ಉಸಿರು ಬಿಟ್ಟು, ಸೊಂಟದ ತೂಗಾಟ ನಿಲ್ಲಿಸಿ, ಒದ್ದೆ ಸ್ಪಂಜು ಹಿಂಡಿದಂತೆ ಬೆರಳು ಮುಚ್ಚಿ ಒಂದು ಹೆಜ್ಜೆ ಕಾಯುತ್ತೇನೆ. ಅದು ಮಣಿದ ಕೂಡಲೇ ಬೆರಳು ಸಡಿಲ. ಮೊಣಕೈಯಿಂದ ಕಡಿವಾಣದವರೆಗಿನ ನೇರ ಗೆರೆ ಮುರಿಯಬಾರದು, ಹೆಬ್ಬೆರಳು ಮೇಲೇ ಇರಬೇಕು. ಮುಷ್ಟಿ ಅಡ್ಡ ತಿರುಗಿದರೆ ಮೊಣಕೈ ಹೊರಚಾಚಿ ಕೈ ಮತ್ತೆ ಗಟ್ಟಿಯಾಗುತ್ತದೆ.