ಟ್ಯಾಬ್ ನೋಡಿ ಸ್ಕಾ ಬೇಸ್ ನುಡಿಸುವುದು ಹೇಗೆ?

ಮೈಸೂರಿನ ಕಾಲೇಜು ಬ್ಯಾಂಡುಗಳು ಅಪರೂಪಕ್ಕೆ ಜಮೈಕಾ ಮೂಲದ ಸ್ಕಾ ಶೈಲಿಯ ಹಾಡೊಂದನ್ನು ಎತ್ತಿಕೊಂಡಾಗ ಎಡವಟ್ಟಾಗುವುದು ಸಾಮಾನ್ಯವಾಗಿ ಬೇಸ್ ಗಿಟಾರ್‌ನಲ್ಲಿ. ಟ್ಯಾಬ್‌ನಲ್ಲಿ, ಅಂದರೆ ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂದು ತೋರಿಸುವ ಬರಹದಲ್ಲಿ, ಇದ್ದ ಅಂಕಿಗಳೆಲ್ಲ ಸರಿಯಾಗಿಯೇ ಬಂದಿರುತ್ತವೆ. ಆದರೆ ‘ಸ್ಕಾ ಎಂದರೆ ಎದುರೇಟಿನ ಸಂಗೀತ’ ಎಂದು ಯಾರೋ ಹೇಳಿದ್ದನ್ನು ನಂಬಿ, ಬೇಸ್ ಹಿಡಿದವರೂ ತಾಳದ ಎರಡು ಏಟುಗಳ ನಡುವೆಯೇ ಮೀಟುತ್ತಾರೆ. ಅಲ್ಲಿಗೆ ಹಾಡಿಗೆ ನಿಲ್ಲಲು ನೆಲವೇ ಇಲ್ಲ. ಆ ನಡುವಿನ ಜಾಗ ಗಿಟಾರ್ ಮತ್ತು ಪಿಯಾನೊಗೆ ಸೇರಿದ್ದು. ಬೇಸ್ ನಡೆಯಬೇಕಾದದ್ದು ಏಟಿನ ಮೇಲೆ.

ಹೀಗೆ ಏಟಿಗೊಂದು ಸ್ವರ ಇಟ್ಟು ನಡೆಯುವ ‘ವಾಕಿಂಗ್ ಬೇಸ್’ ಶೈಲಿ ಅಮೆರಿಕದ ಜಾಝ್ ಮತ್ತು ರಿದಮ್ ಅಂಡ್ ಬ್ಲೂಸ್‌ನಿಂದ ಬಂದದ್ದು. 1950ರ ದಶಕದ ಕೊನೆಯಲ್ಲಿ ಜಮೈಕಾದಲ್ಲಿ ಸ್ಕಾ ರೂಪುಗೊಂಡಾಗ ಅದು ಅಲ್ಲಿ ನೆಲೆಯೂರಿತು. 1964ರಲ್ಲಿ ಕೂಡಿದ ಸ್ಕಾಟಲೈಟ್ಸ್ ತಂಡದ ಲಾಯ್ಡ್ ಬ್ರೆವೆಟ್ ನುಡಿಸುತ್ತಿದ್ದುದು ಆಳೆತ್ತರದ ಡಬಲ್ ಬೇಸ್. ಟ್ಯಾಬ್ ಹುಡುಕುವ ಮೊದಲು ಅವರನ್ನು ಕೇಳಿ, ಇಯರ್‌ಫೋನ್ ಹಾಕಿಕೊಂಡು ಕೇಳಿ. ಬೇಸ್‌ನ ದಪ್ಪ ತಂತಿಯ ಶ್ರುತಿ ಸುಮಾರು 41 ಹರ್ಟ್ಸ್; ಮೊಬೈಲ್‌ನ ಪುಟ್ಟ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದಿಲ್ಲ.

1. ಶ್ರುತಿ

ದಪ್ಪ ತಂತಿಯಿಂದ ಕ್ರಮವಾಗಿ ಇ, ಎ, ಡಿ, ಜಿ. ಉಚಿತ ಟ್ಯೂನರ್ ಆ್ಯಪ್ ಸಾಕು, ಹಣ ಕೊಟ್ಟು ಕೊಳ್ಳಬೇಡಿ. ಹಣವಿದ್ದರೆ ತಂತಿಗಳ ಎತ್ತರವನ್ನು ಸರಿಪಡಿಸಿಕೊಳ್ಳಿ. ಅಗ್ಗದ ‘ಕಲಿಕಾ ಕಿಟ್’ ಬೇಸ್‌ಗಳಲ್ಲಿ ತಂತಿ ಫ್ರೆಟ್‌ನಿಂದ (ಗಿಟಾರಿನ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಎಷ್ಟು ಮೇಲಿರುತ್ತದೆಂದರೆ, ಒತ್ತಿ ಒತ್ತಿ ಬೆರಳು ನೊಂದು ಕಲಿಕೆಯೇ ನಿಂತುಹೋಗುತ್ತದೆ.

2. ಟ್ಯಾಬ್ ಓದುವುದು

ನಾಲ್ಕು ಗೆರೆ, ನಾಲ್ಕು ತಂತಿ. ಕೆಳಗಿನ ಗೆರೆಯೇ ದಪ್ಪ ತಂತಿ. ಅಂಕಿ ಎಂದರೆ ಒತ್ತಬೇಕಾದ ಫ್ರೆಟ್. ಸೊನ್ನೆಯಿದ್ದರೆ ತಂತಿಯನ್ನು ಒತ್ತದೆ ಮೀಟಿ. ಅಷ್ಟೇ.

ಜಿ |----------2-|-5--2-------|
ಡಿ |----2--5----|-------5--2-|
ಎ |-3----------|------------|
ಇ |------------|------------|

ಇದು ಯಾವುದೇ ಹಾಡಿನದ್ದಲ್ಲ, ಅಭ್ಯಾಸದ ಸಾಲು. ಎರಡನೇ ಫ್ರೆಟ್‌ಗೆ ತೋರುಬೆರಳು, ಮೂರಕ್ಕೆ ನಡುಬೆರಳು, ಐದಕ್ಕೆ ಕಿರುಬೆರಳು. ಕೈ ಇದ್ದಲ್ಲೇ ಇರುತ್ತದೆ. ಮೊದಲ ಸ್ವರವನ್ನು ಷಡ್ಜವೆಂದುಕೊಂಡರೆ ಸ ಗ ಪ ದ ಸ ದ ಪ ಗ, ಅಂದರೆ ಮೋಹನದಿಂದ ರಿಷಭವನ್ನು ಬಿಟ್ಟ ಹಾಗೆ. ವೀಣೆ ಕಲಿತವರ ಎಡಗೈ ಗಮಕಕ್ಕೆ ಹಾತೊರೆಯುತ್ತದೆ. ಇಲ್ಲಿ ತಂತಿ ಎಳೆಯಬೇಡಿ.

3. ಕಾಲ

ಎಲ್ಲರೂ ಮುಗ್ಗರಿಸುವುದು ಇಲ್ಲಿ. ಬೆರಳು ಎಲ್ಲಿಡಬೇಕೆಂದು ಟ್ಯಾಬ್ ಹೇಳುತ್ತದೆ. ಯಾವಾಗ ಮೀಟಬೇಕು, ಎಷ್ಟು ಹೊತ್ತು ಹಿಡಿಯಬೇಕು ಎಂದು ಬಹುಪಾಲು ಟ್ಯಾಬ್‌ಗಳು ಹೇಳುವುದಿಲ್ಲ. ಅಂಕಿಗಳ ನಡುವಿನ ಗೀಟುಗಳನ್ನು ಎಣಿಸಿ ಕಾಲವನ್ನು ಊಹಿಸುವವರಿದ್ದಾರೆ. ಬರೆದವರು ಜಾಗ ತುಂಬಲು ಎಳೆದ ಗೀಟುಗಳವು, ನೆಚ್ಚಬೇಡಿ.

ಕುವೆಂಪುನಗರದ ವೀಣೆ ಶೇಷಣ್ಣ ಭವನದಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುವವರ ಊರು ನಮ್ಮದು. ಆ ಅಭ್ಯಾಸವನ್ನೇ ಬಳಸಿಕೊಳ್ಳಿ. ಬೇಸ್ ಪಕ್ಕಕ್ಕಿಟ್ಟು ಆದಿತಾಳ ಹಾಕಿ. ಎಂಟು ಅಕ್ಷರಗಳಿಗೆ ಮೇಲಿನ ಎಂಟು ಸ್ವರಗಳು ಸರಿಯಾಗಿ ಕೂರುತ್ತವೆ. ಈಗ ಪ್ರತಿ ಅಕ್ಷರಕ್ಕೂ ‘ತಕ’ ಎಂದು ಹೇಳಿ. ‘ತ’ ನಿಮ್ಮದು, ‘ಕ’ ಗಿಟಾರ್‌ನವನ ಕತ್ತರಿಸಿದಂತಹ ಮೀಟಿಗೆ ಮೀಸಲು. ಬಾಯಲ್ಲಿ ‘ಕ’ವನ್ನು ಜೋರಾಗಿ ಹೇಳುತ್ತಲೇ ಕೈಯನ್ನು ‘ತ’ದಲ್ಲಿ ಬೀಳಿಸುವುದು ಮೊದಮೊದಲು ಗೋಜಲೆನಿಸುತ್ತದೆ. ಅರ್ಧ ಅಕ್ಷರ ಬಿಟ್ಟು ಎತ್ತುಗಡೆಯಾಗುವ ಕೃತಿಗಳನ್ನು ಹಾಡಿ ಬಲ್ಲವರಿಗೆ ಬೇಗ ಒಗ್ಗುತ್ತದೆ. ಒಗ್ಗುವವರೆಗೆ ಬೇಸ್ ಮುಟ್ಟಬೇಡಿ.

ಆಮೇಲೆ ಏಟು ಎಣಿಸಿಕೊಡುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಏಟಿಗೆ ಇಟ್ಟು ಏಟಿಗೊಂದು ಸ್ವರ ನುಡಿಸಿ. ಸರಾಗವಾದಾಗ ನಾಲ್ಕು ನಾಲ್ಕಾಗಿ ಏರಿಸುತ್ತಾ 120ಕ್ಕೆ ತನ್ನಿ. ತಾನಾಗಿ ಸರಿಯುವ ಟ್ಯಾಬ್ ಹಿಂದೆ ಓಡುವ ಆ್ಯಪ್‌ಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಅಲ್ಲಿ ಕಣ್ಣು ತಾಳ ಹಿಡಿಯುತ್ತದೆ, ಕಿವಿ ನಿದ್ದೆ ಮಾಡುತ್ತದೆ.

4. ಸ್ವರವನ್ನು ನಿಲ್ಲಿಸುವುದು

ಮೀಟಿದ ತಂತಿಯನ್ನು ಸುಮ್ಮನಾಗಿಸಲು ಬಾರದಿದ್ದರೆ ನಾಲ್ಕು ಸ್ವರ ಸೇರಿ ಒಂದು ಗುಂಯ್ ಶಬ್ದವಾಗುತ್ತದೆ. ಮೇಲೇರುವಾಗ ಬಲಗೈ ನೋಡಿಕೊಳ್ಳುತ್ತದೆ: ಡಿ ತಂತಿಯನ್ನು ಮೀಟಿದ ಬೆರಳು ಗಾಳಿಗೆ ಹಾರದೆ, ಪಕ್ಕದ ಎ ತಂತಿಗೆ ತಾಗಿ ಅಲ್ಲೇ ಒರಗಬೇಕು. ಅಷ್ಟಕ್ಕೇ ಎ ತಂತಿ ಬಾಯಿ ಮುಚ್ಚುತ್ತದೆ. ಇಳಿಯುವಾಗ ಈ ಉಪಾಯ ನಡೆಯದು. ಜಿ ತಂತಿಯಿಂದ ಡಿ ತಂತಿಗೆ ಬರುವಾಗ ತೋರುಬೆರಳಿನ ಒತ್ತಡವನ್ನಷ್ಟೇ ಸಡಿಲಿಸಿ, ಬೆರಳನ್ನು ತಂತಿಯ ಮೇಲೆಯೇ ಬಿಡಿ. ಪೂರಾ ಎತ್ತಿದರೆ ಖಾಲಿ ತಂತಿ ‘ಟಿಂಗ್’ ಎನ್ನುತ್ತದೆ. ಕೊನೆಗೆ ಅದೇ ಬೆರಳು ಡಿ ತಂತಿಯ ಎರಡನೇ ಫ್ರೆಟ್ ಒತ್ತುವಾಗ ತುಸು ಚಪ್ಪಟೆಯಾಗಿ ಮಲಗಿದರೆ, ಅದರ ಒಳಬದಿಯೇ ಜಿ ತಂತಿಯನ್ನು ಹಿಡಿದಿರುತ್ತದೆ.

ಅಡ್ಡದಾರಿಯೂ ಇದೆ: ತಂತಿಗಳು ಕೆಳತುದಿಯಲ್ಲಿ ಕೂರುವ ಬ್ರಿಡ್ಜ್ ಬಳಿ ತಂತಿಗಳ ಕೆಳಗೆ ಸ್ಪಂಜಿನ ತುಂಡು ತುರುಕುವುದು. ಹಳೆಯ ಧ್ವನಿಮುದ್ರಿಕೆಗಳ ಮೊಂಡು ನಾದ ಬೇಕೆಂದಾಗ ನಾನೂ ಹಾಗೆ ಮಾಡುತ್ತೇನೆ. ಕೈ ಕಲಿಯುವ ಮೊದಲು ಮಾತ್ರ ಬೇಡ.

5. ಹಾಡಿಗೆ ಬರುವುದು

ಹಾಡನ್ನು ಮುಕ್ಕಾಲು ವೇಗಕ್ಕೆ ಇಳಿಸಿ ಟ್ಯಾಬ್ ಜೊತೆ ಹೋಲಿಸಿ. ಟ್ಯಾಬ್‌ಗಳನ್ನು ಹೆಚ್ಚಾಗಿ ಬರೆಯುವವರು ಅಭಿಮಾನಿಗಳು, ತಪ್ಪುಗಳು ಧಾರಾಳ. ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬದಲಾಗುವ ಮೊದಲ ಏಟಿನ ಸ್ವರವನ್ನು ಮೊದಲು ಪರೀಕ್ಷಿಸಿ. ಅದು ಸರಿಯಿದ್ದರೆ ನಡುವಿನದ್ದನ್ನು ತಿದ್ದಿಕೊಳ್ಳಬಹುದು. ಅದೇ ತಪ್ಪಿದ್ದರೆ ಬೇರೆ ಟ್ಯಾಬ್ ಹುಡುಕಿ. 1979ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಿಂದ ಎದ್ದ ಟೂ ಟೋನ್ ಎಂಬ ಹೊಸ ಸ್ಕಾ ಅಲೆಯ ಹಾಡುಗಳಿಂದ, ಅದರಲ್ಲೂ ಹೊರೇಸ್ ಪ್ಯಾಂಟರ್ ಬೇಸ್ ನುಡಿಸಿದ ದಿ ಸ್ಪೆಷಲ್ಸ್ ತಂಡದಿಂದ ಶುರು ಮಾಡಿ. ಅಲ್ಲಿ ಬೇಸ್ ಬಿಡಿಬಿಡಿಯಾಗಿ ಕೇಳುತ್ತದೆ.

ಸಾಮಾನ್ಯ ಗಿಟಾರ್ ಆಂಪ್ಲಿಫೈಯರ್‌ಗೆ ಬೇಸ್ ಸಿಕ್ಕಿಸಿ ಜೋರು ಮಾಡಬೇಡಿ, ಸ್ಪೀಕರ್ ಹರಿಯಬಹುದು. ಬೇಸ್ ಆಂಪ್ ಇಲ್ಲದಿದ್ದರೆ ಹೆಡ್‌ಫೋನ್ ಸಾಕು.

ಗಿಟಾರ್‌ನವನು ಅಭ್ಯಾಸಕ್ಕೆ ಬಂದಾಗ ಡ್ರಮ್ಸ್ ಬಿಟ್ಟು ನೀವಿಬ್ಬರೇ ಕೂತು ಮೇಲಿನ ಎಂಟು ಸ್ವರಗಳನ್ನು ಸುತ್ತಿಸಿ. ಅವನ ‘ಕ’ದ ಕಡೆಗೆ ನಿಮ್ಮ ಕೈ ಜಾರಿತೆಂದು ತಿಳಿದ ಕೂಡಲೇ ಇಬ್ಬರೂ ನಿಲ್ಲಿಸಿ, ತಾಳ ಹಾಕಿಕೊಂಡು ಮೊದಲಿನಿಂದ ಎತ್ತಿಕೊಳ್ಳಿ.