ಲೂಪ್ ತಪ್ಪಿದಾಗ ಬೆರಳಿಟ್ಟು ನೋಡಿ: ಪೈಥಾನ್ ಲಿಸ್ಟ್‌ನ ಮೊದಮೊದಲ ತೊಡಕುಗಳು

ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವಾಗ ಎರರ್ ಬಂದರೆ ಅರ್ಧ ಕೆಲಸ ಮುಗಿದಂತೆ. ಎಲ್ಲಿ ಎಡವಿದೆ ಅಂತ ಪೈಥಾನೇ ಸಾಲಿನ ನಂಬರ್ ಕೊಟ್ಟು ಹೇಳುತ್ತದೆ. ಕಷ್ಟ ಇರುವುದು ಇನ್ನೊಂದು ಜಾತಿಯ ತಪ್ಪಿನಲ್ಲಿ. "ಅಕ್ಕಾರ, ಎರರ್ ಏನೂ ಬರವಲ್ದು, ಆದ್ರ ಉತ್ತರ ತಪ್ಪ್ ಬರಾಕತ್ತೈತಿ" ಅಂತ ಹುಬ್ಬಳ್ಳಿಯಲ್ಲಿ ನನ್ನ ಹತ್ತಿರ ಸಂಜೆ ಪಾಠಕ್ಕೆ ಬರುವ ಡಿಪ್ಲೊಮಾ ಹುಡುಗರು ಹೇಳುತ್ತಾರಲ್ಲ, ಅದು. ಅವರಿಗೆ ನಾನು ಮೊದಲು ಮಾಡಿಸುವ ಕೆಲಸ ಒಂದೇ: ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು ಹಾಳೆ ತೆಗೆಯಿರಿ. ಲೂಪ್ ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್; ಅದರ ಒಂದೊಂದು ಸುತ್ತಿಗೆ ಒಂದೊಂದು ಸಾಲು. ಈಗ ಎಷ್ಟನೇ ಜಾಗ, ಅಲ್ಲಿ ಏನಿದೆ, ಸುತ್ತು ಮುಗಿದಾಗ ಲಿಸ್ಟ್, ಅಂದರೆ ಅಂಕಿಗಳನ್ನು ಸಾಲಾಗಿ ಇಟ್ಟ ಪಟ್ಟಿ, ಹೇಗಿದೆ. ಇಷ್ಟೇ ಬರೆಯಬೇಕು.

ನನ್ನ ಅಣ್ಣ ಬ್ಯಾಡಗಿಯ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಹಾಗಾಗಿ ನನ್ನ ಉದಾಹರಣೆಗಳೆಲ್ಲ ಮೆಣಸಿನಕಾಯಿ ಚೀಲಗಳೇ. ಅಂಕಿಗಳು ಮಾತ್ರ ಲೆಕ್ಕಕ್ಕೆ ಸುಲಭವಾಗಲಿ ಅಂತ ನಾನೇ ಹಾಕಿದ್ದು, ಯಾರೂ ಇದನ್ನು ಪೇಟೆ ದರ ಅಂದುಕೊಳ್ಳಬೇಡಿ.

ಕೋಡನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಫಾರ್, ಇನ್, ಇಫ್, ಪ್ರಿಂಟ್, ರಿಮೂವ್ ಇಂಥವನ್ನು ನೀವು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಆದರೆ ತೂಕ, ಚೀಲ, ಒಟ್ಟು ಅನ್ನುವ ಹೆಸರುಗಳು ಕನ್ನಡದಲ್ಲೇ ಇರಲಿ. 2008ರಲ್ಲಿ ಬಂದ ಪೈಥಾನ್ 3ರಿಂದ ಇದಕ್ಕೆ ಅಡ್ಡಿಯಿಲ್ಲ. ಒಂದೇ ತಕರಾರು: 'ಲಾಟ್‌ಗಳು' ತರಹದ ಪದದಲ್ಲಿ ಒತ್ತಕ್ಷರ ಬಾರದಿರಲಿ ಅಂತ ಕೀಬೋರ್ಡ್ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಸಿರುತ್ತದೆ. ಹೆಸರಿನಲ್ಲಿ ಅದು ಬಂದರೆ ಪೈಥಾನ್ ಒಪ್ಪುವುದಿಲ್ಲ. ಅಂಥ ಪದ ಬಿಟ್ಟು ಬೇರೆ ಹೆಸರಿಡಿ.

ಈಗ ನನಗೆ ಅತಿ ಇಷ್ಟದ ತೊಡಕು. ಐದು ಚೀಲಗಳ ತೂಕ ಕಿಲೋದಲ್ಲಿದೆ. ತೂಕ ಹಾಕದೇ ಉಳಿದ ಚೀಲಕ್ಕೆ ಸೊನ್ನೆ ಬರೆದಿದೆ. ಸೊನ್ನೆಗಳನ್ನು ತೆಗೆಯಬೇಕು.

ತೂಕ = [42, 0, 0, 45, 38]
ಫಾರ್ ಚೀಲ ಇನ್ ತೂಕ:
    ಇಫ್ ಚೀಲ == 0:
        ತೂಕ.ರಿಮೂವ್(ಚೀಲ)
ಪ್ರಿಂಟ್(ತೂಕ)

ಓದಿದರೆ ಸರಿಯಾಗೇ ಇದೆ, ಅಲ್ವಾ? ಬರುವ ಉತ್ತರ [42, 0, 45, 38]. ಒಂದು ಸೊನ್ನೆ ಹಾಗೇ ಕೂತಿದೆ. ಹಾಳೆಯ ಮೇಲೆ ಬೆರಳಿಟ್ಟು ನಡೆಯಿರಿ. ಜಾಗಗಳ ಎಣಿಕೆ ಸೊನ್ನೆಯಿಂದ ಶುರು. ಜಾಗ 0ರಲ್ಲಿ 42, ಬಿಟ್ಟೆವು. ಜಾಗ 1ರಲ್ಲಿ ಸೊನ್ನೆ, ತೆಗೆದೆವು. ತೆಗೆದ ಕೂಡಲೇ ಹಿಂದಿದ್ದವೆಲ್ಲ ಒಂದೊಂದು ಜಾಗ ಮುಂದೆ ಸರಿದವು, ಸರದಿ ಸಾಲಿನಲ್ಲಿ ಒಬ್ಬರು ಎದ್ದು ಹೋದಾಗ ಸರಿಯುವ ಹಾಗೆ. ಎರಡನೇ ಸೊನ್ನೆ ಈಗ ಜಾಗ 1ಕ್ಕೆ ಬಂದು ನಿಂತಿದೆ. ಲೂಪ್‌ಗೆ ಅದರ ಪರಿವೆಯೇ ಇಲ್ಲ. ಅದು ಸುಮ್ನೆ ಜಾಗ 2ಕ್ಕೆ ಹೋಗುತ್ತದೆ, ಅಲ್ಲಿ 45 ಸಿಗುತ್ತದೆ. ಆ ಸೊನ್ನೆಯನ್ನು ಯಾರೂ ನೋಡಲೇ ಇಲ್ಲ.

ಇದಕ್ಕಿಂತ ಮೋಸದ್ದು ಇನ್ನೊಂದಿದೆ. ಲಿಸ್ಟನ್ನು [42, 0, 45, 0, 38] ಮಾಡಿ ಓಡಿಸಿ. [42, 45, 38] ಬರುತ್ತದೆ, ಉತ್ತರ ಸರಿ. ಹುಡುಗರು ಇಲ್ಲಿಗೆ ಖುಷಿಯಾಗಿ ಏಳುತ್ತಾರೆ. ಲೂಪ್ ಒಳಗೆ ಮೊದಲ ಸಾಲಾಗಿ ಪ್ರಿಂಟ್(ಚೀಲ) ಹಾಕಿ ನೋಡಿ: 42, 0, 0 ಅಷ್ಟೇ ಬರುತ್ತದೆ. 45 ಮತ್ತು 38 ಲೂಪ್ ಕಣ್ಣಿಗೆ ಬಿದ್ದೇ ಇಲ್ಲ. ಅವು ಸೊನ್ನೆ ಆಗಿರಲಿಲ್ಲ, ಅದಕ್ಕೇ ಬಚಾವು.

ಪರಿಹಾರ ಸರಳ. ಸುತ್ತುತ್ತಿರುವ ಲಿಸ್ಟಿಗೆ ಕೈ ಹಚ್ಚಬೇಡಿ, ಬೇಕಾದ್ದನ್ನು ಹೊಸದಕ್ಕೆ ಹಾಕಿಕೊಳ್ಳಿ.

ಉಳಿದವು = []
ಫಾರ್ ಚೀಲ ಇನ್ ತೂಕ:
    ಇಫ್ ಚೀಲ != 0:
        ಉಳಿದವು.ಅಪೆಂಡ್(ಚೀಲ)

ಇದನ್ನೇ ಒಂದು ಸಾಲಿನಲ್ಲಿ ಉಳಿದವು = [ಚೀಲ ಫಾರ್ ಚೀಲ ಇನ್ ತೂಕ ಇಫ್ ಚೀಲ != 0] ಅಂತಲೂ ಬರೆಯಬಹುದು. ಶುರುವಿನಲ್ಲಿ ಉದ್ದದ್ದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಬೆರಳಿಟ್ಟು ನಡೆಯಲು ಬರುತ್ತದೆ. ಇನ್ನು ಉಳಿದವು = ತೂಕ ಅಂತ ಬರೆದರೆ ನಕಲು ಆಗುವುದಿಲ್ಲ, ಒಂದೇ ಲಿಸ್ಟಿಗೆ ಎರಡು ಹೆಸರು ಅಷ್ಟೇ. ನಕಲು ಬೇಕಿದ್ದರೆ ತೂಕ.ಕಾಪಿ() ಅನ್ನಿ.

ಮುಂದಿನದು ಮೊತ್ತ. ಒಟ್ಟು = 0 ಅನ್ನುವ ಸಾಲು ಲೂಪ್ ಒಳಗೆ ಬಿದ್ದರೆ ಪ್ರತಿ ಸುತ್ತಿಗೂ ಲೆಕ್ಕ ಅಳಿಸಿ ಹೋಗಿ ಕೊನೆಗೆ 38 ಮಾತ್ರ ಉಳಿಯುತ್ತದೆ. ಅದು ಲೂಪ್‌ಗಿಂತ ಮೇಲಿರಬೇಕು. ಅತಿ ದೊಡ್ಡದನ್ನು ಹುಡುಕುವಾಗ ಮಾತ್ರ ಸೊನ್ನೆಯಿಂದ ಶುರು ಮಾಡಬೇಡಿ. ತೂಕಕ್ಕೆ ನಡೆದೀತು. ಆದರೆ ಲಾಭ-ಲುಕ್ಸಾನಿನ ಲಿಸ್ಟ್ [-300, -120, -450] ಇದ್ದರೆ, ಇಲ್ಲದ ಸೊನ್ನೆಯೇ ದೊಡ್ಡದು ಅಂತ ಉತ್ತರ ಬರುತ್ತದೆ. ದೊಡ್ಡದು = ಲಾಭ[0] ಅಂತ ಲಿಸ್ಟಿನ ಮೊದಲನೆಯದರಿಂದಲೇ ಶುರು ಮಾಡಿ.

'ಲಿಸ್ಟ್ ಇಂಡೆಕ್ಸ್ ಔಟ್ ಆಫ್ ರೇಂಜ್' ಅನ್ನುವ ಬೈಗುಳಕ್ಕೆ ಹೆಚ್ಚಾಗಿ ಎರಡೇ ಕಾರಣ. ಐದು ಚೀಲ ಇದ್ದರೆ ಕೊನೆಯದು ತೂಕ[4], ತೂಕ[5] ಅಲ್ಲ. ಎರಡನೆಯದು, ಫಾರ್ ಚೀಲ ಇನ್ ತೂಕ ಅಂತ ಬರೆದು ಒಳಗೆ ತೂಕ[ಚೀಲ] ಕೇಳುವುದು. ಚೀಲ ಅಂದರೆ ಜಾಗವಲ್ಲ, ಅಲ್ಲಿರುವ 42. ತೂಕ[42] ಎಲ್ಲಿಂದ ಬರಬೇಕು? ಕ್ರಮಸಂಖ್ಯೆಯೂ ಬೇಕಿದ್ದರೆ ಫಾರ್ ಕ್ರಮ, ಚೀಲ ಇನ್ ಎನ್ಯೂಮರೇಟ್(ತೂಕ, 1) ಬಳಸಿ.

ಬಳಸುವವರಿಂದ ಅಂಕಿ ತೆಗೆದುಕೊಳ್ಳುವಾಗ ಇನ್‌ಪುಟ್ ಕೊಡುವುದು ಅಕ್ಷರಗಳನ್ನು, ಸಂಖ್ಯೆಯನ್ನಲ್ಲ. "9", "42", "38" ಇರುವ ಲಿಸ್ಟಿನಲ್ಲಿ ಮ್ಯಾಕ್ಸ್ (ಅತಿ ದೊಡ್ಡದು) ಕೇಳಿದರೆ "9" ಬರುತ್ತದೆ. ಡಿಕ್ಷನರಿಯಲ್ಲಿ ಪದ ಜೋಡಿಸುವಂತೆ ಮೊದಲ ಅಕ್ಷರ ನೋಡಿದೆ. ಪ್ರತಿಯೊಂದನ್ನೂ ಇಂಟ್ ಒಳಗೆ ಹಾಕಿ ಸಂಖ್ಯೆಯಾಗಿ ತೆಗೆದುಕೊಳ್ಳಿ. ಅಂದಹಾಗೆ ಇಂಟ್("೪೨") ಅಂತ ಕನ್ನಡ ಅಂಕಿ ಕೊಟ್ಟರೂ 42 ಬರುತ್ತದೆ! ಕೋಡಿನಲ್ಲಿ ನೇರವಾಗಿ ೪೨ ಬರೆದರೆ ಮಾತ್ರ ನಡೆಯುವುದಿಲ್ಲ.

ಕೊನೆಗೆ ಅಣ್ಣನ ಲೆಕ್ಕ. ಇಲ್ಲಿ ಜಿಪ್ ಎರಡು ಲಿಸ್ಟಿನಿಂದ ಒಂದೊಂದನ್ನು ತೆಗೆದು ಜೋಡಿ ಮಾಡಿ ಕೊಡುತ್ತದೆ. ತೂಕ ಕಿಲೋದಲ್ಲಿ, ದರ ಕ್ವಿಂಟಲ್‌ಗೆ.

ತೂಕ = [42, 45, 38]
ದರ = [30000, 28000, 25000]
ಒಟ್ಟು = 0
ಫಾರ್ ತೂ, ದ ಇನ್ ಜಿಪ್(ತೂಕ, ದರ):
    ಒಟ್ಟು = ಒಟ್ಟು + ತೂ * ದ / 100
ಪ್ರಿಂಟ್(ಒಟ್ಟು)

12600, 12600, 9500. ಕೂಡಿದರೆ 34700 ರೂಪಾಯಿ. ಭಾಗಾಕಾರ ಇರುವುದರಿಂದ ಪರದೆಯ ಮೇಲೆ 34700.0 ಅಂತ ಕಾಣುತ್ತದೆ, ಗಾಬರಿ ಬೇಡ. ಗಾಬರಿ ಬೀಳಬೇಕಾದ್ದು ಕೊನೆಯ ದರ ಬರೆಯಲು ಮರೆತಾಗ. ಜಿಪ್ ಚಿಕ್ಕ ಲಿಸ್ಟ್ ಮುಗಿದ ಕೂಡಲೇ ನಿಂತುಬಿಡುತ್ತದೆ. ಎರರ್ ಇಲ್ಲ, ಸದ್ದಿಲ್ಲ, 25200 ಅಂತ ತೋರಿಸುತ್ತದೆ. ರೈತನಿಗೆ 9500 ಖೋತಾ. ನಿಮ್ಮದು ಪೈಥಾನ್ 3.10 ಅಥವಾ ಅದಕ್ಕಿಂತ ಹೊಸದಾದರೆ ಜಿಪ್(ತೂಕ, ದರ, ಸ್ಟ್ರಿಕ್ಟ್=ಟ್ರೂ) ಅಂತ ಬರೆಯಿರಿ, ಲೆಕ್ಕ ಹೊಂದದಿದ್ದರೆ ಅದೇ ಎರರ್ ಕೊಡುತ್ತದೆ. ಹಳೆಯದಾದರೆ ಲೂಪ್‌ಗೆ ಮುಂಚೆ ಎರಡೂ ಲಿಸ್ಟಿನ ಲೆನ್ (ಉದ್ದ) ಒಂದೇ ಇದೆಯಾ ಅಂತ ಒಂದು ಇಫ್ ಹಾಕಿಕೊಳ್ಳಿ.